ಹಿಟ್ಟಿನ ಗಾಡಿಯ ಚಾಸಿ

ಪಿಕಪ್ಪಿನ ಹಿಂದಿನ ತೊಟ್ಟಿಯನ್ನು ಚೈನ್ ಪುಲ್ಲಿಗೆ ಕಟ್ಟಿ ಮೇಲೆತ್ತಿದಾಗ ಮೊದಲು ಬಂದದ್ದು ವಾಸನೆ. ಗಾಡಿ ಓಡದೆ ಒಂದು ಮಳೆಗಾಲ ಪೂರ್ತಿ ರಸ್ತೆ ಬದಿಯಲ್ಲಿ ನೆನೆದಿತ್ತು. ಆದರೂ ಹುಳಿ ಬಂದ ಇಡ್ಲಿ ಹಿಟ್ಟಿನ ವಾಸನೆ ಬಿಟ್ಟಿರಲಿಲ್ಲ. ಗ್ಯಾರೇಜಿನ ಹುಡುಗರು ಮೂಗು ಮುಚ್ಚಿಕೊಂಡರು. ನನಗೆ ಹಾಗೆ ಅನ್ನಿಸಲಿಲ್ಲ. ನಾನು ಬೆಳೆದದ್ದೇ ಆ ವಾಸನೆಯಲ್ಲಿ.

ಅದು ಅಪ್ಪಯ್ಯನ ಗಾಡಿ. ಧಾರಾವಿಯಲ್ಲಿ ಹಿಟ್ಟು ರುಬ್ಬಿಸಿ, ಸ್ಟೀಲ್ ಡ್ರಮ್ಮುಗಳಲ್ಲಿ ತುಂಬಿ, ಮಾಟುಂಗಾ, ದಾದರ್, ಬೈಕುಲ್ಲಾ ಕಡೆಯ ನಮ್ಮೂರವರ ಹೊಟೇಲುಗಳಿಗೆ ಮುಟ್ಟಿಸುವುದು ಅವರ ಕಸುಬು. ಊರು ಕುಂದಾಪುರದ ಕಡೆ, ಮನೆ ಆಂಟಾಪ್ ಹಿಲ್‌ನಲ್ಲಿ. ಅವರು ತೀರಿಕೊಂಡ ಮೇಲೆ ಗಾಡಿಯೂ ಕಸುಬೂ ತಮ್ಮನಿಗೆ ಹೋದವು. ನಾನು ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಐದನೇ ಇಯತ್ತೆಗೆ ಓದು ನಿಲ್ಲಿಸಿದವನು. ಒಂದು ಗ್ಯಾರೇಜಿನಲ್ಲಿ ಡೆಂಟಿಂಗ್, ವೆಲ್ಡಿಂಗ್ ಮಾಡುತ್ತೇನೆ.

ಆ ವರ್ಷ ಗಾಡಿ ಸರ್ಕಾರಿ ತಪಾಸಣೆಗೆ, ಪಾಸಿಂಗಿಗೆ, ಹೋದಾಗ ತುಕ್ಕು ಜಾಸ್ತಿ ಎಂದು ವಾಪಸ್ ಕಳಿಸಿದ್ದರು. ತಮ್ಮ ಬಾಡಿಗೆ ಟೆಂಪೋ ಹಿಡಿದು ಹೇಗೋ ಹಿಟ್ಟು ಮುಟ್ಟಿಸುತ್ತಿದ್ದ. ಬಾಡಿಗೆಯವನು ಒಂದು ದಿನ ಬಂದರೆ ಇನ್ನೊಂದು ದಿನ ಬರುತ್ತಿರಲಿಲ್ಲ. ಹೊಟೇಲಿನವರು ಬೆಳಿಗ್ಗೆ ದೋಸೆ ಕಲ್ಲು ಕಾಯಿಸಿಕೊಂಡು ಹಿಟ್ಟಿಗೆ ಕಾಯಬೇಕಾಗುತ್ತಿತ್ತು. ದಸರೆಯೊಳಗೆ ಸ್ವಂತ ಗಾಡಿ ರಸ್ತೆಗೆ ಬರದಿದ್ದರೆ ಪ್ಯಾಕೆಟ್ ಹಿಟ್ಟಿನ ಕಂಪನಿಗೆ ಹೋಗುತ್ತೇವೆ ಎಂದು ದೊಡ್ಡ ಹೊಟೇಲಿನವರು ಹೇಳಿಯಾಗಿತ್ತು. ಹೊಸ ಗಾಡಿಗೆ ಸಾಲ ಕೊಡಲು ಬ್ಯಾಂಕಿನವರು ಒಪ್ಪಿರಲಿಲ್ಲ. ಹಾಗಾಗಿ ಅವನು ನನ್ನ ಹತ್ತಿರ ಬಂದ.

"ಅಣ್ಣಯ್ಯ, ಇದ್ ಆತ್ತಾ?" ಎಂದು ಕೇಳಿದ.

ನಾನು ಬಗ್ಗಿ, ಗಾಡಿಯ ಭಾರವೆಲ್ಲ ಹೊರುವ ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಉತ್ತರ ಕೊಡುತ್ತದೆ. ತುಕ್ಕು ಹಿಡಿದದ್ದು ಮಣ್ಣಿನ ಗಡಿಗೆಯ ಹಾಗೆ ಡಬ್ ಎನ್ನುತ್ತದೆ. ಎಡಗಡೆಯ ಪಟ್ಟಿ ಪೂರ್ತಿ ಚೆನ್ನಾಗಿತ್ತು. ಬಲಗಡೆ, ಡ್ರೈವರ್ ಸೀಟಿನ ಹಿಂದೆ, ತೊಟ್ಟಿಯ ಮುಂದಿನ ಮೂಲೆ ಕೂರುವ ಜಾಗದಲ್ಲಿ ಸದ್ದು ಸತ್ತಿತ್ತು. ಉಳಿ ಇಟ್ಟು ಮೆಲ್ಲಗೆ ಒತ್ತಿದರೆ ಒಳಗೆ ಹೋಯಿತು.

"ಹಪ್ಪಳ ಆಯ್ತ್" ಎಂದೆ.

"ಅದ್ ನಂಗೂ ಕಾಣ್ತ್. ನಿಂಗೆ ಮಾಡುಕೆ ಆತ್ತಾ ಇಲ್ಯಾ, ಅಷ್ಟ್ ಹೇಳ್."

ಆ ಜಾಗವೇ ಯಾಕೆ ಎಂದು ನನಗೆ ಗೊತ್ತಿತ್ತು. ಹಿಟ್ಟಿನ ಡ್ರಮ್ಮಿನ ಮುಚ್ಚಳವನ್ನು ಯಾರೂ ಬಿಗಿ ಮಾಡುವುದಿಲ್ಲ, ಹಿಟ್ಟು ಉಬ್ಬುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಅದು ಚೆಲ್ಲಿ ಮುಂದಿನ ಮೂಲೆಗೆ ಹರಿಯುತ್ತಿತ್ತು. ಅಪ್ಪಯ್ಯನಿಗೆ ಶುದ್ಧದ ಹುಚ್ಚು. ಸಾರಿಗೆ ಹಿಂಡಿದ ಹುಣಸೆಯ ಸಿಪ್ಪೆಯನ್ನು ಹೊಟೇಲುಗಳಿಂದ ತಂದು, ಅದರಲ್ಲೇ ಡ್ರಮ್ಮುಗಳನ್ನು ಗಾಡಿಯ ಮೇಲೆಯೇ ಫಳಫಳ ತಿಕ್ಕಿಸುತ್ತಿದ್ದರು. ಆ ಹುಳಿ ನೀರೂ ಅದೇ ಮೂಲೆಯಿಂದ ಇಳಿಯುತ್ತಿತ್ತು. ಚೆಲ್ಲಿದ ಹಿಟ್ಟಿಗಿಂತ ತೊಳೆದ ನೀರು ಹೆಚ್ಚು ತಿಂದಿತ್ತು. ಗಾಡಿಯನ್ನು ಅಷ್ಟು ಚೊಕ್ಕಟವಾಗಿ ಇಟ್ಟುಕೊಳ್ಳದಿದ್ದರೆ ಅದು ಇನ್ನೂ ಗಟ್ಟಿ ಇರುತ್ತಿತ್ತು.

ಮಾಡುತ್ತೇನೆ ಎಂದೆ. ಕೂಲಿ ಬೇಡ ಎಂದೆ. ಗ್ಯಾರೇಜಿನ ಯಜಮಾನ ಉಸ್ತಾದ್ ಒಂದು ಮೂಲೆ ಬಿಟ್ಟುಕೊಟ್ಟರು. ಬೇರೆ ಗಾಡಿಗಳ ಕೆಲಸ ಮುಗಿಸಿ ಇದನ್ನು ಮಾಡಿಕೋ ಎಂದರು.

ಗಾಡಿ ಓಡುವುದು ಗ್ಯಾಸಿನಲ್ಲಿ, ಮೊದಲು ಅದರ ಸಿಲಿಂಡರ್ ಇಳಿಸಿ ದೂರ ಇಟ್ಟೆವು. ಬ್ಯಾಟರಿ ಬಿಚ್ಚಿದೆ. ಬ್ರೇಕಿನ ಪೈಪುಗಳನ್ನು ಕಳಚಿ ಕಟ್ಟಿಟ್ಟೆ. ಆಮೇಲೆ ವೈರ್ ಬ್ರಷ್, ಸೀಮೆಎಣ್ಣೆ. ತುಕ್ಕು ಪದರ ಪದರವಾಗಿ ಎದ್ದು ಬಂತು. ಕೊಳೆತ ಜಾಗದ ನಡುವೆ, ಅಂಗೈ ಅಗಲದ ಒಂದು ಕಡೆ, ಬ್ರಷ್ಷಿನ ಕೆಳಗೆ ಅಂಕಿಗಳು ಮೂಡಿದವು. ಚಾಸಿ ನಂಬರು. ಕಂಪನಿಯಲ್ಲಿ ಹೊಡೆದದ್ದು. ಹಿಂದಿನಿಂದ ಕಬ್ಬಿಣ ಕಾಗದದಷ್ಟು ತೆಳ್ಳಗಾಗಿತ್ತು, ಮುಂದೆ ಮಾತ್ರ ಒಂದು ಅಂಕಿಯೂ ಅಳಿಸಿರಲಿಲ್ಲ.

ನಾನು ಉಸ್ತಾದರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಅವರು ಮಾತಾಡುವುದು ಹಿಂದಿ. ಹೇಳಿದ್ದು ಇಷ್ಟು: "ಇದರ ಮೇಲೆ ತಗಡು ಹೊಡೆದರೆ ನಂಬರು ಮುಚ್ಚಿ ಹೋಗುತ್ತೆ. ಹಾಗೇ ಬಿಟ್ಟರೆ ಲೋಡಿಗೆ ಚಾಸಿ ಮುರಿಯುತ್ತೆ. ಕೊಯ್ಯಲೇಬೇಕು. ಆದರೆ ನಂಬರಿನ ತುಂಡು ಇಡಿಯಾಗಿ ತೆಗೆ. ಜೋಪಾನವಾಗಿ ಇಡು. ತುಂಡು ತೋರಿಸಿ ಅರ್ಜಿ ಕೊಟ್ಟರೆ ಪಾಸಿಂಗಿನ ಸಾಹೇಬರು ಹೊಸ ಪಟ್ಟಿಯ ಮೇಲೆ ಅದೇ ನಂಬರು ಹೊಡೆಸಿಕೊಡ್ತಾರೆ. ತುಂಡು ಇಲ್ಲ ಅಂದರೆ ಇದು ಯಾರ ಗಾಡಿಯೂ ಅಲ್ಲ."

ಹೊಸ ಕೆಲಸದವನಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ನನಗೆ ಅರ್ಥವಾಗಲಿಲ್ಲ ಎನ್ನುವ ಹಾಗಿಲ್ಲ.

ಚಾಸಿಯನ್ನು ಸುಮ್ಮನೆ ಕೊಯ್ಯಲು ಬರುವುದಿಲ್ಲ. ನಾಲ್ಕು ಮೂಲೆಯಿಂದ ಅಡ್ಡಡ್ಡ ದಾರ ಎಳೆದು ಎರಡೂ ಅಳತೆ ಸಮ ಇದೆಯೇ ನೋಡಿದೆ. ಕೊಯ್ಯುವ ಜಾಗದ ಎರಡೂ ಕಡೆ ಆಂಗಲ್ ಕಬ್ಬಿಣ ಇಟ್ಟು ತಾತ್ಕಾಲಿಕವಾಗಿ ಬೆಸೆದೆ, ಇಲ್ಲವಾದರೆ ಪಟ್ಟಿ ಬಿಟ್ಟುಕೊಂಡು ಗಾಡಿ ಸೊಟ್ಟಗಾಗುತ್ತದೆ. ಕೆಳಗೆ ಜಾಕ್ ಕೊಟ್ಟೆ. ಗೆರೆ ಎಳೆದೆ. ನೇರ ಕೊಯ್ದರೆ ಬೆಸುಗೆ ಅದೇ ಗೆರೆಗೆ ಬಿರಿಯುತ್ತದೆ, ಅದಕ್ಕೆ ಓರೆಯಾಗಿ ಎಳೆದೆ.

ಅಷ್ಟು ಹೊತ್ತಿಗೆ ತಮ್ಮ ಬಂದ. ಹಿಟ್ಟು ಇಳಿಸಿ ಬಂದಿದ್ದ, ಖುಷಿಯಲ್ಲಿದ್ದ. ಎಲ್ಲರಿಗೂ ಚಾ ತರಿಸಿದ. ಗೆರೆ ಎಳೆದ ಜಾಗ ನೋಡಿ, ಗ್ಯಾರೇಜಿನವರಿಗೆಲ್ಲ ತಿಳಿಯಲಿ ಎಂದು ಹಿಂದಿಯಲ್ಲೇ ಹೇಳಿದ:

"ಈ ಚಾಸಿ ತಿಂದದ್ದು ಯಾರು ಗೊತ್ತಾ? ನಮ್ಮಣ್ಣ. ಅಪ್ಪ ಇವನನ್ನ ಹಿಂದೆ ಡ್ರಮ್ಮಿನ ಮುಚ್ಚಳ ಹಿಡಿಯೋಕೆ ಕೂರಿಸ್ತಿದ್ದರು. ಇವನು ನಿದ್ದೆ ಹೊಡೀತಿದ್ದ. ಈಗ ತಾನು ತಿಂದದ್ದನ್ನ ತಾನೇ ತುಂಬಿಸ್ತಿದ್ದಾನೆ."

ಗ್ಯಾರೇಜಿನ ಪೇಂಟರ್ ನಕ್ಕ. "ಹಾಗಾದರೆ ಕೂಲಿ ಇಲ್ಲ, ದಂಡ ಹಾಕಬೇಕು" ಎಂದ. ಎಲ್ಲರೂ ನಕ್ಕರು. ಉಸ್ತಾದರೂ ಸ್ವಲ್ಪ ನಕ್ಕರು. ನಾನೂ ನಕ್ಕೆ.

ಆಮೇಲೆ ತಮ್ಮ ನನ್ನ ಪಕ್ಕ ಕೂತು ಕನ್ನಡದಲ್ಲಿ, "ಸಿಟ್ಟ್ ಮಾಡ್ಕಣ್ಬೇಡ ಅಣ್ಣಯ್ಯ, ಕುಶಾಲಿಗೆ ಹೇಳ್ದೆ" ಎಂದ.

"ಸಿಟ್ಟೆಂತಕ್ಕೆ?" ಎಂದೆ.

ಅವನು ಹೇಳಿದ್ದು ಸುಳ್ಳಲ್ಲ. ಬೆಳಗಿನ ಜಾವದ ಗಾಳಿಗೆ ನಾನು ಎಷ್ಟೋ ಸಲ ತೂಕಡಿಸಿದ್ದೆ. ಎರಡು ಡ್ರಮ್ಮುಗಳ ನಡುವೆ ಕೂತು, ಎರಡೂ ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದು, ಮೈಮೇಲೆ ಹಿಟ್ಟು ಚೆಲ್ಲಿಸಿಕೊಂಡು ಹಾಗೇ ಶಾಲೆಗೆ ಹೋಗುತ್ತಿದ್ದೆ. ಕ್ಲಾಸಿನಲ್ಲಿ ಯಾರೂ ನನ್ನ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ಶಾಲೆ ಬಿಟ್ಟುಬಿಡುತ್ತೇನೆ ಎಂದಾಗ ಅಪ್ಪಯ್ಯ ಬೇಡ ಎನ್ನಲಿಲ್ಲ. ತಮ್ಮ ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ. ಸಣ್ಣವನು, ಗಾಳಿ ತಾಗಬಾರದು ಎಂದು. ಅವನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು. ಇದರಲ್ಲಿ ಅವನ ತಪ್ಪು ಏನೂ ಇಲ್ಲ. ಇದನ್ನು ಬರೆಯುವುದು ಸಮಜಾಯಿಷಿಗೆ ಅಲ್ಲ. ನಾನು ಮಾಡಿದ್ದಕ್ಕೆ ಇದು ಸಾಲುವುದಿಲ್ಲ.

ಅವನು ಹೋದ ಮೇಲೆ ಗ್ರೈಂಡರ್ ಹಿಡಿದು ಕೊಯ್ದೆ. ತುಂಡು ಇಡಿಯಾಗಿ ಬಂತು, ಅಂಚು ಕೈ ಸುಡುವಷ್ಟು ಬಿಸಿಯಾಗಿತ್ತು. ನೀರಿನ ಡಬ್ಬಿಯಲ್ಲಿ ಅದ್ದಿ, ಹಳೆ ಬಟ್ಟೆಯಲ್ಲಿ ಒರೆಸಿದೆ. ಅಂಕಿಗಳು ಓದುವ ಹಾಗಿದ್ದವು. ಅದೇ ಬಟ್ಟೆಯಲ್ಲಿ ಸುತ್ತಿ ಬೆಂಚಿನ ಮೇಲಿನ ಹಲಗೆಯಲ್ಲಿಟ್ಟೆ. ಮನೆಗೆ ಹೋಗಿ ಉಂಡು ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಗುಜರಿಯವನು ಕೈಗಾಡಿ ತಳ್ಳಿಕೊಂಡು ಬಂದ. ವಾರಕ್ಕೊಮ್ಮೆ ಬಂದು ಕೊಯ್ದ ಚೂರು, ಹಳೆ ತಗಡು ಒಯ್ಯುವವನು. ಉಸ್ತಾದ್ ಬಂದಿರಲಿಲ್ಲ. ನಾನು ನೆಲದ ಚೂರುಗಳನ್ನು ಗುಡಿಸಿ ಅವನ ಗೋಣಿಗೆ ಹಾಕಿದೆ. ಆಮೇಲೆ ಹಲಗೆಗೆ ಕೈ ಚಾಚಿ ತುಂಡನ್ನು ತೆಗೆದೆ. ಬಟ್ಟೆ ಬಿಚ್ಚಿದೆ. ಬಟ್ಟೆ ಗ್ಯಾರೇಜಿಗೆ ಬೇಕಲ್ಲ, ಅದನ್ನು ಇಟ್ಟುಕೊಂಡೆ. ತುಂಡನ್ನು ಗೋಣಿಗೆ ಹಾಕಿದೆ.

ಸಿಟ್ಟಿನಲ್ಲಿ ಕೈ ಮೀರಿ ಆಯಿತು ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ರಾತ್ರಿ ಮಲಗಿ, ಎದ್ದು, ಸ್ನಾನ ಮಾಡಿ, ದೇವರಿಗೆ ಕೈ ಮುಗಿದು ಬಂದು ಮಾಡಿದ ಕೆಲಸ ಅದು. ಗುಜರಿಯವನು ಬೀದಿ ಬೀದಿ ಸುತ್ತಿ ಮಧ್ಯಾಹ್ನದ ತನಕ ಇದೇ ಏರಿಯಾದಲ್ಲಿರುತ್ತಾನೆ ಎಂದು ನನಗೆ ಗೊತ್ತಿತ್ತು. ಧಾರಾವಿಯಲ್ಲಿ ಅವನ ಗೋದಾಮು ಎಲ್ಲಿದೆ ಎಂಬುದೂ ಗೊತ್ತಿತ್ತು. ಮಾಲು ಅಲ್ಲಿ ಗುಡ್ಡೆಯಾಗಿ ಕೆಲವು ದಿನ ಬಿದ್ದಿರುತ್ತದೆ, ಆಮೇಲೆ ಭಟ್ಟಿಗೆ ಹೋಗುತ್ತದೆ. ಹೋಗಿ ಹುಡುಕಿದ್ದರೆ ಸಿಗುತ್ತಿತ್ತು. ಹೋಗಲಿಲ್ಲ.

ಹೋಗಲಿಲ್ಲ ಅಷ್ಟೇ ಅಲ್ಲ, ಗಾಡಿಯ ಕೆಲಸ ಮುಂದುವರಿಸಿದೆ. ಇದು ನನಗೆ ಈಗಲೂ ಅರ್ಥವಾಗದ ಭಾಗ. ಹಾಳು ಮಾಡಬೇಕು ಎಂದಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ನಾನು ಬೇರೆ ಯಾವ ಗಾಡಿಗೂ ಮಾಡಿಲ್ಲ. ಅದೇ ದಪ್ಪದ ಹೊಸ ಪಟ್ಟಿ ತರಿಸಿ ಬಾಗಿಸಿದೆ. ಒಂದೇ ಸಮ ಬೆಸೆದರೆ ಕಾವಿಗೆ ಕಬ್ಬಿಣ ಎಳೆದುಕೊಳ್ಳುತ್ತದೆ. ಒಂದು ಬೆರಳಗಲ ಮೇಲೆ, ಒಂದು ಬೆರಳಗಲ ಕೆಳಗೆ, ಆರಲು ಬಿಟ್ಟು ಮತ್ತೆ, ಹೀಗೆ ಬೆಸೆದೆ. ದಾರ ಹಿಡಿದು ನೋಡಿದರೆ ನೂಲಿನಷ್ಟೂ ವ್ಯತ್ಯಾಸ ಇರಲಿಲ್ಲ. ಬೆಸುಗೆ ಉಜ್ಜಿ, ಕೆಂಪು ಪ್ರೈಮರ್ ಎರಡು ಕೈ ಹೊಡೆದೆ. ತೊಟ್ಟಿಯ ತಳಕ್ಕೆ ಹೊಸ ತಗಡು ಹಾಕಿ, ಹುಳಿ ನೀರು ಚಾಸಿಗೆ ಇಳಿಯದೆ ಹೊರಗೆ ಬೀಳುವ ಹಾಗೆ ಮೂಲೆಯಲ್ಲಿ ಒಂದು ಕೊಳವೆ ಇಟ್ಟೆ. ಅಪ್ಪಯ್ಯನಿಗೆ ಹೊಳೆಯದ್ದು ನನಗೆ ಹೊಳೆಯಿತು ಎಂದು ಹೆಮ್ಮೆಯೂ ಆಯಿತು. ಬಾಗಿಲುಗಳ ತಗ್ಗುಗಳನ್ನು ಒಳಗಿನಿಂದ ತಟ್ಟಿ ಎಬ್ಬಿಸಿದೆ, ಪುಟ್ಟಿ ತುಂಬಿ ಮುಚ್ಚಲಿಲ್ಲ.

ಮಧ್ಯಾಹ್ನಗಳಲ್ಲಿ ತಮ್ಮನ ಹೆಂಡತಿ ಡಬ್ಬಿ ತರುತ್ತಿದ್ದಳು. ರುಬ್ಬುವ ಕೆಲಸ ಮುಗಿಸಿ, ಕೂದಲಲ್ಲಿ ಅಕ್ಕಿಯ ಬಿಳಿ ಹಾಗೇ ಇಟ್ಟುಕೊಂಡು ಬರುತ್ತಿದ್ದಳು.

"ಭಾವ, ಬಿಸಿ ಇಪ್ಪಾಗ್ಳೆ ಉಣ್ಣಿ. ಮೀನ್ ಗಸಿ ಮಾಡಿದ್ದೆ."

"ನೀ ಎಂತಕ್ಕೆ ಬಪ್ಪುದ್ ಬಿಸಿಲಂಗೆ?"

"ಇವ್ರ್ ಹೊಟೇಲಲ್ಲೆಲ್ಲ ಹೇಳ್ಕಂಡ್ ತಿರುಗ್ತಿದ್ರ್. ಅಣ್ಣಯ್ಯ ಕೈ ಹಾಕ್ರೆ ಸತ್ತ್ ಗಾಡಿ ಎದ್ದ್ ಕೂಕಣ್ತ್ ಅಂಬ್ರ್. ಹಂಗಾರೆ ನಿಮ್ಗೆ ಉಪವಾಸ ಹಾಕುಕೆ ಆತ್ತಾ?"

ನಾನು ಉಂಡೆ. ಗಸಿ ಚೆನ್ನಾಗಿದೆ ಎಂದೆ.

ಉಸ್ತಾದ್ ಒಮ್ಮೆ, "ತುಂಡು ಇಟ್ಟಿದ್ದೀಯಲ್ಲ?" ಎಂದು ಕೇಳಿದರು. ಇಟ್ಟಿದ್ದೇನೆ ಎಂದೆ. ಅರ್ಜಿ ಕೊಟ್ಟಾಯಿತಾ ಎಂದರು. ತಮ್ಮ ನೋಡಿಕೊಳ್ಳುತ್ತಾನೆ ಎಂದೆ. ತಮ್ಮನಿಗೆ ತುಂಡಿನ ವಿಷಯವನ್ನೇ ನಾನು ಹೇಳಿರಲಿಲ್ಲ. ಅವನಿಗೆ ಗಾಡಿ ಓಡಿಸುವುದು ಗೊತ್ತು, ಅದರ ಹೊಟ್ಟೆಯೊಳಗೆ ಏನಿದೆ ಎಂದು ಯಾವತ್ತೂ ನೋಡಿದವನಲ್ಲ. ಪ್ರತಿ ಪಾಸಿಂಗಿಗೂ ಏಜೆಂಟನೇ ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆದುಕೊಳ್ಳುತ್ತಿದ್ದ. ಈ ಸಲ ಆ ಏಜೆಂಟ್ ಊರಿಗೆ ಹೋಗಿದ್ದ. ನಾವೇ ಹೋಗುವ ಎಂದು ತಮ್ಮ ಹೇಳಿದ.

ಬಣ್ಣ ಒಣಗಿದ ದಿನ ತಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದ. ಬಾಗಿಲನ್ನು ತೆರೆದು ಮುಚ್ಚಿದ, ಮತ್ತೆ ತೆರೆದು ಮುಚ್ಚಿದ. ಮೊದಲು ಅದನ್ನು ಎತ್ತಿ ಗುದ್ದಿ ಹಾಕಬೇಕಿತ್ತು. ಈಗ ಒಂದು ಬೆರಳಿಗೆ ಕೂರುತ್ತಿತ್ತು. ಪೇಂಟರ್ ತೆಂಗಿನಕಾಯಿ ಒಡೆದ. ತಮ್ಮ ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ.

ಪಾಸಿಂಗಿನ ಮೈದಾನದಲ್ಲಿ ನಾನೂ ಜೊತೆಗಿದ್ದೆ. ಲೈಟು, ಹಾರ್ನು, ಬ್ರೇಕು ಎಲ್ಲ ನೋಡಿದರು. ಗಾಡಿ ಚೆನ್ನಾಗಿ ಮಾಡಿಸಿದ್ದೀರಿ ಎಂದು ಇನ್‌ಸ್ಪೆಕ್ಟರ್ ಹೊಗಳಿದರು. ತಮ್ಮ ನನ್ನನ್ನು ತೋರಿಸಿ, ನಮ್ಮಣ್ಣ ಮಾಡಿದ್ದು ಎಂದ. ಆಮೇಲೆ ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಬಲಗಡೆ ಬಗ್ಗಿದರು. ಬಟ್ಟೆಯಲ್ಲಿ ಒರೆಸಿದರು. ಇನ್ನೊಮ್ಮೆ ಒರೆಸಿದರು. ನಂಬರ್ ಎಲ್ಲಿ ಎಂದು ಕೇಳಿದರು.

ತಮ್ಮ ನನ್ನ ಮುಖ ನೋಡಿದ.

"ತುಕ್ಕು ತಿಂದಿತ್ತು ಸಾಹೇಬ್" ಎಂದೆ ನಾನು.

"ತುಂಡು?"

"ಕೈಗೆ ಬಂದಾಗಲೇ ಪುಡಿಯಾಯಿತು."

ಇನ್‌ಸ್ಪೆಕ್ಟರ್ ಎದ್ದು ನಿಂತರು. ಅವರ ಧ್ವನಿ ಬದಲಾಗಿತ್ತು. ಹೊಸ ಬಣ್ಣ, ಹೊಸ ಪಟ್ಟಿ, ನಂಬರಿಲ್ಲದ ಚಾಸಿ. ಕದ್ದ ಗಾಡಿಗೆ ಬೇರೆಯವರ ಕಾಗದ ಜೋಡಿಸುವವರು ಹೀಗೇ ಮಾಡುತ್ತಾರಂತೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡರು. ತಮ್ಮನನ್ನು ಪೊಲೀಸ್ ಚೌಕಿಗೆ ಕಳಿಸಿದರು. ಅಪ್ಪಯ್ಯ ಕೊಂಡ ಗಾಡಿ ಎಲ್ಲಿಂದ ಕದ್ದದ್ದು ಎಂದು ಅವನನ್ನು ಸಂಜೆಯ ತನಕ ಬೆಂಚಿನ ಮೇಲೆ ಕೂರಿಸಿ ಕೇಳಿದರು. ನಾನು ಹೊರಗೆ ನಿಂತಿದ್ದೆ. ಅವನು ಬಂದ ಮೇಲೆ ನೀರು ಕೇಳಿದ. ಬಾಟಲಿ ಕೊಟ್ಟೆ.

"ನಿಂದೆಂತ ತಪ್ಪಿಲ್ಲೆ ಅಣ್ಣಯ್ಯ" ಎಂದ. "ನನ್ನ ಗ್ರಾಚಾರ."

ಆಗ ಹೇಳಬೇಕಿತ್ತು. ಅವನ ಗಂಟಲಲ್ಲಿ ನೀರು ಇಳಿಯುವುದನ್ನು ನೋಡುತ್ತಾ ನಿಂತೆ.

ಉಸ್ತಾದರಿಗೆ ಸುದ್ದಿ ಹೋಗಿತ್ತು. ಮಾರನೇ ದಿನ ಅವರು ನನ್ನನ್ನು ಬೆಂಚಿನ ಹತ್ತಿರ ಕರೆದರು. "ಆ ಅಂಕಿಗಳನ್ನು ನಾನು ಕಣ್ಣಾರೆ ನೋಡಿದ್ದೆ" ಎಂದರು. ನಾನು ಗ್ರೈಂಡರಿನ ವೈರು ಸುತ್ತತೊಡಗಿದೆ. "ನಿನ್ನ ಮನೆಯ ವಿಷಯ, ನಾನು ಬಾಯಿ ಬಿಡಲ್ಲ. ಆದರೆ ಇನ್ನು ಮೇಲೆ ಚಾಸಿ ಕೆಲಸ ನಿನಗೆ ಕೊಡಲ್ಲ. ಡೆಂಟ್ ತೆಗೆ, ಸಾಕು."

ಅರ್ಜಿ, ತನಿಖೆ, ಮತ್ತೆ ಅರ್ಜಿ ಎಂದು ತಮ್ಮ ಓಡಾಡಿದ. ಗಾಡಿ ಹಿಡಿದಿಟ್ಟ ಗಾಡಿಗಳ ಯಾರ್ಡಿನಲ್ಲಿ ಬಿಸಿಲಿಗೆ ನಿಂತಿತ್ತು. ದಸರೆ ಹೋಯಿತು. ದೊಡ್ಡ ಹೊಟೇಲು ಮೊದಲು ಹೋಯಿತು, ಅದನ್ನು ನೋಡಿ ಉಳಿದವು. ಗಾಡಿಯನ್ನು ಕೊನೆಗೆ ಯಾರ್ಡಿನಿಂದಲೇ ಗುಜರಿಗೆ ಕೊಟ್ಟರು. ರುಬ್ಬುವ ಕಲ್ಲುಗಳನ್ನೂ ಮಾರಿದರು. ತಮ್ಮನ ಹೆಂಡತಿ ಬೇರೆಯವರ ಮನೆಗೆ ಅಡುಗೆಗೆ ಹೋಗತೊಡಗಿದಳು. ತಮ್ಮ ಅದೇ ಪ್ಯಾಕೆಟ್ ಹಿಟ್ಟಿನ ಕಂಪನಿಯಲ್ಲಿ ಡ್ರೈವರ್ ಆದ. ನಮ್ಮ ಹಳೆ ಹೊಟೇಲುಗಳಿಗೇ ಹೋಗಿ, ಯೂನಿಫಾರಂ ಹಾಕಿಕೊಂಡು, ಪ್ಯಾಕೆಟ್ ಇಳಿಸಿ ಬರುತ್ತಾನೆ. ಸಿಕ್ಕಿದವರಿಗೆಲ್ಲ, ಅಣ್ಣಯ್ಯ ಬಹಳ ಕಷ್ಟಪಟ್ಟ, ನಮ್ಮ ಹಣೆಬರಹ ಸರಿಯಿರಲಿಲ್ಲ ಎಂದು ಹೇಳುತ್ತಿದ್ದನಂತೆ. ಆ ಮಾತು ನನ್ನ ಕಿವಿಗೆ ಬೀಳುತ್ತಲೇ ಇತ್ತು. ಬೈದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೇನೋ.

ಹೋದ ತಿಂಗಳು ಅವನು ಕಂಪನಿಯ ಗಾಡಿ ತಗೊಂಡು ಗ್ಯಾರೇಜಿಗೆ ಬಂದ. ಸಾಯನ್‌ನಲ್ಲಿ ಹಿಂದೆ ತೆಗೆಯುವಾಗ ಕಂಬಕ್ಕೆ ತಾಗಿ ಹಿಂದಿನ ಬಾಗಿಲು ಒಳಗೆ ಹೋಗಿತ್ತು.

"ಮೇನೇಜರಿಗೆ ಗೊತ್ತಾರೆ ಕೆಲ್ಸ ಹೋತ್ತ್ ಅಣ್ಣಯ್ಯ. ಇವತ್ತೇ ಆಯ್ಕ್. ಗೊತ್ತಾಗದ್ ಹಂಗೆ ಮಾಡ್."

ನಾನು ಬಾಗಿಲು ಇಳಿಸಲು ಬೋಲ್ಟಿಗೆ ಪಾನಾ ಹಾಕಿದೆ. ಮುಖ ಬೋಲ್ಟಿನ ಕಡೆಗೇ ಇಟ್ಟುಕೊಂಡು ಹೇಳಿದೆ. ನಂಬರು ಇತ್ತು ಎಂದೆ. ಎಲ್ಲ ಅಂಕಿಯೂ ಇತ್ತು ಎಂದೆ. ಕೊಯ್ದು ಇಟ್ಟಿದ್ದು, ಮರುದಿನ ಗುಜರಿಗೆ ಹಾಕಿದ್ದು, ಬೇಕೆಂದೇ ಹಾಕಿದ್ದು, ಎಲ್ಲ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಅವನು ಕೇಳಲೂ ಇಲ್ಲ.

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದು ಪಾನಾ ಕೆಳಗಿಟ್ಟು ನಿಂತೆ.

"ಕೆಲ್ಸ ಮಾಡ್" ಎಂದ. "ನಾಲ್ಕ್ ಗಂಟೆಗೆ ಗಾಡಿ ಒಪ್ಪುಸ್ಕ್."

ಅವನಿಗೆ ಬೇರೆ ಗ್ಯಾರೇಜಿಗೆ ಹೋಗಲು ಹೊತ್ತಿರಲಿಲ್ಲ. ನಾನು ಬಾಗಿಲು ಇಳಿಸಿದೆ, ಒಳಗಿನಿಂದ ತಟ್ಟಿದೆ, ಅಂಚು ನೇರ ಮಾಡಿದೆ. ಅವನು ಸ್ಟೂಲಿನ ಮೇಲೆ ಕೂರಲಿಲ್ಲ, ಚಾ ಕುಡಿಯಲಿಲ್ಲ. ನನ್ನ ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಬಿಚ್ಚಿದ ಒಂದೊಂದು ಬೋಲ್ಟನ್ನೂ ವಾಷರನ್ನೂ ಬಗ್ಗಿ ಹೆಕ್ಕಿ ತನ್ನ ಯೂನಿಫಾರಮ್ಮಿನ ಜೇಬಿಗೆ ಹಾಕಿಕೊಂಡ. ಕತ್ತರಿಸಿದ ರಬ್ಬರಿನ ಚೂರನ್ನೂ ಬಿಡಲಿಲ್ಲ. ತಿರುಗಿ ಜೋಡಿಸುವಾಗ ನಾನು ಕೈ ಚಾಚಿದರೆ ಒಂದೊಂದಾಗಿ ಕೊಟ್ಟ. ಕೊಟ್ಟದ್ದು ಸರಿಯಾದ ಜಾಗಕ್ಕೆ ಹೋಗುವ ತನಕ ಇನ್ನೊಂದು ಕೊಡಲಿಲ್ಲ.

ಬಾಗಿಲು ಕೂತಿತು, ಒಂದು ಬೋಲ್ಟು ಬಿಗಿಯುವುದು ಮಾತ್ರ ಉಳಿದಿತ್ತು. ತಮ್ಮ ಬಣ್ಣದ ಮೇಲಿನ ಧೂಳು ಒರೆಸಿ, ಬೆಳಕು ಬಿಟ್ಟು ನೋಡಿದ. ತಗ್ಗು ಇದ್ದದ್ದು ಗೊತ್ತಾಗುತ್ತಿರಲಿಲ್ಲ. ಜೇಬು ತಡವಿದ. ರಬ್ಬರಿನ ಚೂರು ಮಾತ್ರ ಇತ್ತು.

"ಇನ್ನೊಂದ್ ವಾಷರ್ ಇತ್ತಲೆ" ಎಂದ. "ಎಲ್ಲಿ?"

ಅವನು ಕೊನೆಗೆ ಕೊಟ್ಟದ್ದು ನನ್ನ ಅಂಗೈಯಲ್ಲೇ ಇತ್ತು, ಬೆವರಿಗೆ ಅಂಟಿಕೊಂಡಿತ್ತು. ಕೈ ಬಿಚ್ಚಿ ತೋರಿಸಿದೆ. ಅವನು ಅದನ್ನು ಎತ್ತಿಕೊಂಡು, ಬಗ್ಗಿ, ಕೊನೆಯ ಬೋಲ್ಟಿಗೆ ಹಾಕಿ ತಾನೇ ಬಿಗಿದ.